ಚೀಟಿಯ ಹಿಂಬದಿ

ಕಳೆದ ತಿಂಗಳು ನಿಕಿತಾ ಫೋನ್ ಮಾಡಿದ್ದಳು. ದಾದರಿನ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸವನ್ನು ಈಗ ಮಾಡುತ್ತಿರುವವಳು ಅವಳು. ಮೇಜು ಬದಲಾಗಿದೆ, ಕುರ್ಚಿ ಬದಲಾಗಿದೆ, ಕಿಟಕಿಯಾಚೆಯ ಹೂವಿನವರ ಗದ್ದಲ ಮಾತ್ರ ಹಾಗೇ ಇದೆಯಂತೆ. ಅವಳ ಅಜ್ಜ ವಿಜಯಪುರದ ಕಡೆಯವರು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಮಾತು ಮಾತ್ರ ಎಡವುತ್ತ ಬರುತ್ತದೆ.

“ಮೇಡಂ, ಹಳೇ ಫೈಲ್ ಎಲ್ಲಾ ಸ್ಕ್ಯಾನ್ ಮಾಡ್ತಾ ಇದೀವಿ. ನಿಮ್ಮ ಆ ಗುಲಾಬಿ ಚೀಟಿ ಇದಾವಲ್ಲ, ಮೊದಲಿಂದು ಎಲ್ಲಾ ಒನ್ ಸೈಡ್. ಆಮೇಲಿಂದಕ್ಕೆ ಪೀಛೇ ಭೀ ಬರೆದಿದೀರಿ. ಸ್ಕ್ಯಾನಿಂಗ್‌ವಾಲಾ ಒಂದೇ ಸೈಡ್ ಮಾಡ್ತೀನಿ ಅಂತಾನೆ. ಹಿಂದಿಂದು ಇಂಪಾರ್ಟೆಂಟ್ ಇದೆಯಾ?”

ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಅದಾಗಿರಲಿಲ್ಲ. “ಎರಡು ದಿನ ತಡಿ, ಬರೆದು ಕಳಿಸ್ತೀನಿ” ಅಂದೆ. ಎರಡು ದಿನ ಹೋಗಿ ಒಂದು ತಿಂಗಳಾಯಿತು. ಇಷ್ಟು ದಿನ ನಾನು ಇದನ್ನು ಎಲ್ಲೂ ಬರೆದಿಲ್ಲ, ಮನೆಯಲ್ಲೂ ಪೂರ್ತಿ ಹೇಳಿಲ್ಲ. ನಿಕಿತಾಳಿಗೆ ಓದಲು ಕಷ್ಟವಾದರೆ ಅವಳ ತಾಯಿ ಓದಿ ಹೇಳಲಿ. ಆದರೆ ನಡುವೆ ಬಿಟ್ಟು ಬಿಟ್ಟು ಓದಬಾರದು. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ನಮ್ಮದು ಒಂದು ಟ್ರಸ್ಟಿನ ಕಚೇರಿ. ಹಿಂದಿನ ಕಾಲದ ಧರ್ಮಿಷ್ಠರೊಬ್ಬರು ದುಡಿಯುವ ಜನ ಇರಲೆಂದು ದಾದರಿನಲ್ಲೂ ಭಾಂಡುಪಿನಲ್ಲೂ ಕಟ್ಟಿಸಿದ ಚಾಳುಗಳನ್ನು ನೋಡಿಕೊಳ್ಳುವುದು ಅದರ ಕೆಲಸ. ಬಾಡಿಗೆದಾರರು ಮರಾಠಿ, ಗುಜರಾತಿ, ಹಿಂದಿಯಲ್ಲಿ ಕಾಗದ ಬರೆಯುತ್ತಿದ್ದರು. ಭಾಂಡುಪಿನ ಕಾರ್ಖಾನೆಗಳಿಗೆ ಬಂದಿದ್ದ ನಮ್ಮ ಬೆಳಗಾವಿ, ವಿಜಯಪುರದವರು ಧೈರ್ಯವಾಗಿ ಕನ್ನಡದಲ್ಲೇ ಬರೆಯುತ್ತಿದ್ದರು. ಅವನ್ನು ಓದುವವರು ಕಚೇರಿಯಲ್ಲಿ ಇರಲಿಲ್ಲ. ವಾರಕ್ಕೊಮ್ಮೆ ಕೆಳಗಿನ ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂತವರನ್ನು ಕರೆದು ಓದಿಸುತ್ತಿದ್ದರಂತೆ. ಅವರೋ, ಗಿರಾಕಿ ಬಂದರೆ ಅರ್ಧಕ್ಕೇ ಎದ್ದು ಹೋಗುವವರು.

ಹಾಗಾಗಿ ನನಗೆ ಕೆಲಸ ಸಿಕ್ಕಿತು. ಬೆಳಗಾವಿಯಲ್ಲಿ ಬೆಳೆದವಳಿಗೆ ಮರಾಠಿಯನ್ನು ಯಾರೂ ಬೇರೆ ಕಲಿಸಬೇಕಿಲ್ಲ. ಮದುವೆಯಾಗಿ ವಿಲೆ ಪಾರ್ಲೆಗೆ ಬಂದು ಒಂದು ವರ್ಷವಾಗಿತ್ತು. ಲೋಕಲ್‌ನಲ್ಲಿ ನಿಂತುಕೊಂಡು ಹೋಗುವುದನ್ನು ಕಲಿತಿದ್ದೆ. ಅಷ್ಟೇ ಅರ್ಹತೆ.

ಮ್ಯಾನೇಜರ್ ಸಬ್ನೀಸ್ ಸಾಹೇಬರು ಮೊದಲ ದಿನವೇ ಅಂಗೈ ಅಗಲದ ಗುಲಾಬಿ ಕಾಗದಗಳ ಒಂದು ಕಟ್ಟು ನನ್ನ ಮುಂದೆ ಇಟ್ಟರು. ಪ್ರತಿ ಚೀಟಿಯ ಮೇಲೂ ಮೂರು ಗೆರೆ ಅಚ್ಚಾಗಿದ್ದವು.

“ಬಾಯಿ, ಕಾಗದ ಎಷ್ಟೇ ಉದ್ದ ಇರಲಿ, ನನಗೆ ಮೂರು ಸಾಲು ಸಾಕು. ಬರೆದವರು ಯಾರು, ಎಲ್ಲಿಯವರು, ಏನು ಬೇಕಂತೆ. ನಾಲ್ಕನೇ ಸಾಲು ಬರೆದರೆ ನಾನು ಓದೋದಿಲ್ಲ” ಎಂದು ಮರಾಠಿಯಲ್ಲಿ ಹೇಳಿದರು.

ಕಾಗದಕ್ಕೆ ಚೀಟಿ ಚುಚ್ಚಿ ಅವರ ಮೇಜಿಗೆ ಹೋಗಬೇಕು. ಅವರು ಚೀಟಿ ನೋಡಿ ಆಜ್ಞೆ ಬರೆಯುತ್ತಿದ್ದರು, ಕಾಗದ ನೋಡುತ್ತಿರಲಿಲ್ಲ. ಮರಾಠಿ ಕಾಗದವಾದರೆ ಅನುಮಾನ ಬಂದಾಗ ಮಡಿಕೆ ಬಿಚ್ಚಿ ನೋಡುವುದಿತ್ತು. ಕನ್ನಡದ್ದಾದರೆ ಬಿಚ್ಚಿಯೂ ಪ್ರಯೋಜನವಿರಲಿಲ್ಲ. ಅಂದರೆ ಭಾಂಡುಪಿನ ನೂರಾರು ಸಂಸಾರಗಳ ಮಾತು ಮೇಲಕ್ಕೆ ಹೋಗುವ ದಾರಿ ನನ್ನ ಮೂರು ಸಾಲು ಮಾತ್ರ. ಇಪ್ಪತ್ನಾಲ್ಕು ವರ್ಷದವಳಿಗೆ ಇದು ಹೆಮ್ಮೆಯ ವಿಷಯವಾಗಿ ಕಂಡಿತು, ಹೆದರಿಕೆಯದಾಗಿ ಕಾಣಲಿಲ್ಲ.

ಮೊದಮೊದಲು ಮೂರು ಸಾಲಿಗೆ ಇಳಿಸುವುದೇ ದೊಡ್ಡ ಕಸರತ್ತು. ದಾದರಿನ ಚಾಳಿನಿಂದ ಒಬ್ಬ ಮುದುಕರು ಆರು ಪುಟ ಬರೆದಿದ್ದರು. ಪಾರಿವಾಳಗಳ ಕಾಟ, ತೀರಿಕೊಂಡ ಹೆಂಡತಿಯ ಕೈಯ ಸಾರು, ಮೊದಲ ಮಾಳಿಗೆಯವರ ರೇಡಿಯೊ, ತಮ್ಮ ಮಂಡಿನೋವು, ಎಲ್ಲವೂ ಅದರಲ್ಲಿದ್ದವು. ಎರಡು ಸಲ ಓದಿ, ಊಟದ ಡಬ್ಬಿ ಬಿಚ್ಚಿ ಮುಚ್ಚಿ, ಮೂರನೇ ಸಲ ಓದಿದಾಗ ತಿಳಿಯಿತು, ಅವರಿಗೆ ಬೇಕಾಗಿದ್ದುದು ಜಿನೆಯ ಮೆಟ್ಟಿಲ ಹತ್ತಿರ ಒಂದು ಬಲ್ಬು. ಅಷ್ಟನ್ನು ಬರೆದೆ. ಬಲ್ಬು ಹಾಕಿಸಿದರು. ಸಾಹೇಬರು ಇಡೀ ಕಚೇರಿಗೆ ಕೇಳಿಸುವಂತೆ “ಶಾಬಾಸ್” ಅಂದರು. ಆ ಮುದುಕರು ಬಲ್ಬಿಗಾಗಿ ಮಾತ್ರ ಆರು ಪುಟ ಬರೆದಿರಲಿಕ್ಕಿಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಇನ್ನು, ಕೆಲಸಕ್ಕೆ ಸೇರಿದ ಎರಡನೇ ವರ್ಷದ ನನ್ನ ಮೊದಲ ತಪ್ಪಿನ ಕಥೆ. ನಮ್ಮ ಕಡೆಯವರು ಬಂದ ಕೆಲಸವನ್ನು ಬಂದ ಕೂಡಲೇ ಹೇಳುವವರಲ್ಲ. ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಚಪ್ಪಲಿ ಮೆಟ್ಟುವಾಗ “ಅಂದಂಗ...” ಎಂದು ಶುರು ಮಾಡುತ್ತಾರೆ. ಕಾಗದವೂ ಹಾಗೇ. ಭಾಂಡುಪಿನ ಸಿದರಾಯಪ್ಪ ಎಂಬುವವರು ಒಂದೂವರೆ ಪುಟ ಗಟಾರದ ನಾತದ ಬಗ್ಗೆ ಬರೆದಿದ್ದರು. ಗಟಾರದ ಸ್ವಚ್ಛತೆ ಬೇಕಂತೆ ಎಂದು ಚೀಟಿ ಹಚ್ಚಿದೆ. ಕಟ್ಟಕಡೆಗೆ ಎರಡು ಸಾಲು ಇದ್ದವು: “ಇನ್ನೊಂದು ಮಾತು. ಬರುವ ಐತವಾರ ಮಗಳ ಲಗ್ನ. ಅಂಗಳದಾಗ ಹಂದರ ಹಾಕತೇವಿ, ತಮ್ಮ ಅಪ್ಪಣೆ ಇರಲಿ.”

ಲಗ್ನ ಇದೆ, ನಾತ ತಡೆಯಿರಿ ಎಂದು ಅವರು ಹೇಳಿಕೊಂಡದ್ದು. ಆ ಎರಡು ಸಾಲನ್ನು ನಾನು ಉಪಚಾರದ ಮಾತು ಅಂದುಕೊಂಡೆ. ವರ್ಷಕ್ಕೊಮ್ಮೆ ಚುರುಕಾಗುವ ನಮ್ಮ ಕಚೇರಿ ಆ ಸಲವೇ ಚುರುಕಾಯಿತು. ಶುಕ್ರವಾರ ಆಳುಗಳು ಹೋಗಿ ಅಂಗಳದ ನಡುವೆ ಉದ್ದಕ್ಕೆ ಅಗೆದು ಬಿಟ್ಟುಬಂದರು. ಭಾನುವಾರ ಬೀಗರು ಹಲಗೆಯ ಮೇಲೆ ನಡೆದು ಹಂದರಕ್ಕೆ ಬಂದರಂತೆ.

ಸೋಮವಾರ ಸಿದರಾಯಪ್ಪನವರೇ ಕಚೇರಿಗೆ ಬಂದರು. ಕೈಯಲ್ಲಿ ಲಾಡಿನ ಪೊಟ್ಟಣ. “ಲಗ್ನ ಆತ್ರೀ ಬಾಯಾರ. ಗಟಾರಾನೂ ಆತು. ಎರಡೂ ಕೂಡೇ ಆದ್ವು” ಅಂದು ಪೊಟ್ಟಣ ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಆ ಲಾಡನ್ನು ನಾನು ತಿನ್ನಲಾರದೆ ಹೋದೆ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಯಾವ ಕಾಗದ ಬಂದರೂ ಕೊನೆಯ ಪ್ಯಾರಾ ಮೊದಲು ಓದುವುದು. ಬೇಕಾದ್ದು ಅಲ್ಲಿ ಇರುತ್ತದೆ. ಆಮೇಲೆ ಮೊದಲ ಪ್ಯಾರಾ, ಆಮೇಲೆ ನಡುವಿನದರ ಮೇಲೆ ಒಂದು ಕಣ್ಣು. ನಿಯಮ ಎಷ್ಟು ಚೆನ್ನಾಗಿ ನಡೆಯಿತೆಂದರೆ, ದಿನಕ್ಕೆ ಹತ್ತು ಕಾಗದ ಮಾಡುತ್ತಿದ್ದವಳು ಮೂವತ್ತು ಮಾಡತೊಡಗಿದೆ. ಸಬ್ನೀಸ್ ಸಾಹೇಬರು ಹೊಸದಾಗಿ ಬಂದ ಗುಮಾಸ್ತರನ್ನು ನನ್ನ ಹತ್ತಿರ ಕಲಿಯಲು ಕೂರಿಸುತ್ತಿದ್ದರು. ನಾನೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತ, “ನಡುವೆ ಇರೋದೆಲ್ಲ ಹೊಟ್ಟು, ಕಾಳು ಕೊನೆಗೆ ಇರ್ತದ” ಎಂದು ಪಾಠ ಹೇಳುತ್ತಿದ್ದೆ. ಹದಿಮೂರು ವರ್ಷ ಹಾಗೇ ಹೇಳಿದೆ.

ಈಗ ನಿಕಿತಾಳ ಪರದೆಯ ಮೇಲೆ ಒಂದು ಪಟ್ಟಿ ಇಳಿಯುತ್ತದೆ. ನೀರು, ಗಟಾರ, ಲೈಟು, ದುರಸ್ತಿ, ಇತರೆ. ಬರೆಯುವವರೇ ಒಂದನ್ನು ಒತ್ತಿ ಕಳಿಸುತ್ತಾರೆ. ಸಾರಾಂಶ ಮಾಡುವ ಕೆಲಸವೇ ಉಳಿದಿಲ್ಲ ಎಂದು ನಾನು ನಿವೃತ್ತಳಾಗುವ ವರ್ಷ ಯಾರೋ ಸಂತೋಷದಿಂದ ಹೇಳಿದ್ದರು. ಬರೆಯುವವರಿಗೆ ತಮ್ಮ ಮಾತಿನಲ್ಲಿ ಯಾವುದು ಮುಖ್ಯ ಎಂಬುದು ಯಾವಾಗಲೂ ಗೊತ್ತಿರುತ್ತದೆ ಎಂದು ನಂಬಿದವರು ಮಾಡಿದ ಪಟ್ಟಿ ಅದು. ನಾನು ನಂಬುವುದಿಲ್ಲ. ಯಾಕೆಂದರೆ ಗಂಗವ್ವನ ಕಾಗದ ನನ್ನ ಕೈಗೆ ಬಂದಿತ್ತು.

ಗಂಗವ್ವ ಭಾಂಡುಪಿನ ಏಳನೇ ಚಾಳಿನ ಮೊದಲ ಮಾಳಿಗೆಯಲ್ಲಿ ಇದ್ದವಳು. ವಿಜಯಪುರ ಜಿಲ್ಲೆಯ ಇಂಡಿ ಊರಿನ ಕಡೆಯಿಂದ ಬಂದಾಕೆ, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ನಾಲ್ಕನೇ ಈಯತ್ತೆಯವರೆಗೆ ಕಲಿತಿದ್ದಳು. ರೊಟ್ಟಿಯ ಹಾಗೆ ದುಂಡನೆಯ ಅಕ್ಷರದಲ್ಲಿ ಮೂರು ಪುಟ ತಾನೇ ಬರೆದಿದ್ದಳು. ಅದು ಮೇ ತಿಂಗಳು. ಮಳೆಗಾಲದ ಮುಂಚಿನ ದೂರುಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದವು. ನಿಯಮದಂತೆ ನಾನು ಕೊನೆಯ ಪ್ಯಾರಾ ಓದಿದೆ: “ಆದಕಾರಣ ಸಾಹೇಬರು ನಲ್ಲಿಗೆ ಪಾಳಿ ಹಚ್ಚಿ ಕೊಡಬೇಕು.” ಮೊದಲ ಪ್ಯಾರಾ ಓದಿದೆ. ಪಕ್ಕದ ಖೋಲಿಯ ಪಾರ್ವತಿಬಾಯಿ ನೀರು ಬಿಡುವುದಿಲ್ಲ ಎಂದಿತ್ತು. ನಡುವೆ ಕಣ್ಣಾಡಿಸಿದೆ. ಇಬ್ಬರು ಹೆಂಗಸರ ಜಗಳ.

ಚೀಟಿಯಲ್ಲಿ ಮರಾಠಿಯಲ್ಲಿ ಬರೆದೆ: “ಗಂಗವ್ವ. ಭಾಂಡುಪ್, ಏಳನೇ ಚಾಳು, ಮೊದಲ ಮಾಳಿಗೆ. ನಲ್ಲಿಗೆ ಸರದಿ ಬೇಕು, ತುರ್ತಿಲ್ಲ.”

ತುರ್ತಿಲ್ಲ ಎಂಬ ಮಾತನ್ನು ಗಂಗವ್ವ ಬರೆದಿರಲಿಲ್ಲ. ಸಾಹೇಬರಿಗೆ ಅನುಕೂಲವಾಗಲೆಂದು ನಾನು ಸೇರಿಸಿದ್ದು.

ಮಳೆ ಹಿಡಿದ ಮೂರನೇ ದಿನ, ಬೆಳಗಿನ ಎಂಟು ಗಂಟೆ ದಾಟಿದ ಮೇಲೆ, ಏಳನೇ ಚಾಳಿನ ಮೊದಲ ಮಾಳಿಗೆಯ ಗ್ಯಾಲರಿ ಒಂದು ಕಡೆಯಿಂದ ಕುಸಿದು ಅಂಗಳಕ್ಕೆ ಬಿತ್ತು. ಗಂಡಸರು ಕೆಲಸಕ್ಕೆ ಹೋಗಿದ್ದರು. ಗಂಗವ್ವ ಮಕ್ಕಳನ್ನು ಸ್ಕೂಲಿಗೆ ಬಿಡಲು ಹೋಗಿದ್ದಳು. ಕೆಳಗಿದ್ದ ಮೂವರಿಗೆ ಪೆಟ್ಟಾಯಿತು. ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಪಾರ್ವತಿಬಾಯಿ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು.

ಸುದ್ದಿ ಬಂದಾಗ ಸಬ್ನೀಸ್ ಸಾಹೇಬರು ಇಂಜಿನಿಯರರನ್ನು ಕರೆದುಕೊಂಡು ಭಾಂಡುಪಿಗೆ ಓಡಿದರು. ಏಳನೇ ಚಾಳು, ಪಾರ್ವತಿಬಾಯಿ ಎಂಬ ಎರಡು ಹೆಸರು ನನ್ನ ಕಿವಿಯಲ್ಲಿ ಸುತ್ತತೊಡಗಿದವು. ಎದ್ದು ಫೈಲು ತೆಗೆದು ಗಂಗವ್ವನ ಕಾಗದ ಬಿಚ್ಚಿದೆ. ಈ ಸಲ ಮೊದಲ ಅಕ್ಷರದಿಂದ ಓದಿದೆ. ಎರಡನೇ ಪುಟದ ನಡುವೆ ಹೀಗಿತ್ತು:

“ಅದಲ್ಲದೆ ಪಾರ್ವತಿಬಾಯಿ ತನ್ನ ಮನಿ ಬಾಗಲಾ ನನ್ನ ಮಕ್ಕಳು ಬಡದು ಬಡದು ಕೆಡಿಸ್ಯಾರಂತ ಚಾಳು ತುಂಬ ಹೇಳಕೋತ ಅಡ್ಡಾಡತಾಳ. ಎಂಟು ದಿನಾತು ಆಕಿ ಬಾಗಲಾ ಕೂಡವಲ್ದು, ಮ್ಯಾಲಿನ ಮೂಲಿಗೆ ಹಿಡೀತೈತಿ. ನನ್ನ ಬಾಗಲಾನೂ ಹಿಡೀತೈತಿ. ಅದರ ಬಾಜೂದ್ದೂ ಹಿಡೀತೈತಿ. ಅವನ್ನೂ ನನ್ನ ಮಕ್ಕಳಽ ಕೆಡಿಸಿದ್ವೇನು, ನೀವಽ ಹೇಳ್ರಿ.”

ಮಧ್ಯಾಹ್ನ ಇಂಜಿನಿಯರರು ಕೆಸರು ಮೆತ್ತಿದ ಬೂಟಿನಲ್ಲೇ ಕಚೇರಿಗೆ ಬಂದು ಕುಳಿತರು. ಗೋಡೆಯೊಳಗೆ ಹೂತ ತೊಲೆಗಳ ತುದಿ ಕೊಳೆತು ಪುಡಿಯಾಗಿತ್ತಂತೆ. “ಇದು ಒಂದೇ ದಿನದಲ್ಲಿ ಆಗೋದಲ್ಲ. ತೊಲೆ ಬಾಗಿದರೆ ಮೊದಲು ಬಾಗಿಲಿನ ಚೌಕಟ್ಟು ಸೊಟ್ಟಗಾಗುತ್ತೆ. ಸಾಲಿಗೆ ಸಾಲು ಬಾಗಿಲು ಹಿಡಿದುಕೊಂಡಿರಬೇಕು. ಮಳೆಗಾಲದಲ್ಲಿ ಮರ ಉಬ್ಬುತ್ತೆ ಅನ್ನಬಹುದು. ಆದರೆ ಇದು ಬೇಸಿಗೆಯಲ್ಲೇ ಹಿಡಿದಿರುತ್ತೆ. ಒಬ್ಬರಾದರೂ ಒಂದು ಮಾತು ಬರೆಯಬಾರದಾ?” ಎಂದು ಹಿಂದಿಯಲ್ಲಿ ಕೇಳಿದರು.

ಬರೆದಿದ್ದರು. ಕಾಗದ ನನ್ನ ಮೇಜಿನ ಖಾನೆಯಲ್ಲಿತ್ತು.

ಅವರು ಹೋದ ಮೇಲೆ ಸಬ್ನೀಸ್ ಸಾಹೇಬರ ಕೋಣೆಗೆ ಹೋಗಿ ಆ ಸಾಲುಗಳನ್ನು ಮರಾಠಿಯಲ್ಲಿ ಓದಿ ಹೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದರು. ನನ್ನ ಚೀಟಿಯನ್ನು ಮತ್ತೊಮ್ಮೆ ಓದಿದರು.

“ಬಾಯಿ, ಆಕೆ ನಲ್ಲಿಯ ಬಗ್ಗೆ ಬರೆದಳು. ನೀವು ನಲ್ಲಿಯ ಬಗ್ಗೆ ಚೀಟಿ ಬರೆದಿರಿ. ಇದರಲ್ಲಿ ತಪ್ಪೆಲ್ಲಿದೆ? ಮೂರೇ ಸಾಲು ಅಂದವನು ನಾನು. ಈ ಕಾಗದ ಫೈಲಿನಲ್ಲೇ ಇರಲಿ. ಯಾರೂ ಕೇಳುವುದಿಲ್ಲ, ಕೇಳಿದರೂ ಓದಲಾರರು.”

ಅವರು ಕೆಟ್ಟವರಲ್ಲ. ನನ್ನನ್ನು ಕಾಪಾಡಲೆಂದೇ ಹೇಳಿದರು, ಸ್ವಲ್ಪ ತಮ್ಮನ್ನೂ. ಮಾತು ಸುಳ್ಳೂ ಅಲ್ಲ. ಮನೆಗೆ ಹೋಗಿ ಅಡುಗೆ ಮಾಡಿದೆ, ಬಡಿಸಿದೆ, ಮಕ್ಕಳ ಅಭ್ಯಾಸ ನೋಡಿದೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ನಮ್ಮ ಮನೆಯ ಬಾಗಿಲನ್ನು ಅಂದು ಎಷ್ಟು ಸಲ ತೆರೆದು ಮುಚ್ಚಿ ನೋಡಿದೆನೋ ಲೆಕ್ಕವಿಲ್ಲ. ಹದಿನೈದು ವರ್ಷ ಭಾಂಡುಪಿನ ಚಾಳುಗಳ ಬಗ್ಗೆ ಓದಿದ್ದೆ. ದಾದರ್ ಸ್ಟೇಷನ್ನಿನಲ್ಲಿ ಸೇತುವೆ ದಾಟಿ ಸೆಂಟ್ರಲ್ ಲೈನಿನ ಗಾಡಿ ಹತ್ತಿದರೆ ಅರ್ಧ ಗಂಟೆಯ ದಾರಿ. ಒಂದು ಸಲವೂ ಹೋಗಿ ನೋಡಿರಲಿಲ್ಲ.

ನಾಲ್ಕನೇ ದಿನ ಗಂಗವ್ವ ಕಚೇರಿಗೆ ಬಂದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ನನಗಿಂತ ಚಿಕ್ಕವಳು, ತೆಳ್ಳಗೆ, ಹಣೆಯಲ್ಲಿ ದೊಡ್ಡ ಕುಂಕುಮ. ನನ್ನ ಮೇಜಿನ ಹತ್ತಿರ ನಿಂತು ಸೆರಗಿನ ತುದಿ ತಿರುವುತ್ತಿದ್ದಳು.

“ಬಾಯಾರ, ಕನ್ನಡ ಕಾಗದಾ ನೀವಽ ಓದತೀರಂತಲ್ಲ? ನಂದೊಂದು ಕಾಗದಾ ಬಂದಿತ್ತಲ್ರಿ, ನಳದ್ದು.”

“ಬಂದದ. ಕೂಡ್ರವ್ವಾ.”

“ಕೂಡಂಗಿಲ್ರಿ. ಅದನ್ನ ಹರದು ಒಗೀರಿ, ನಿಮ್ಮ ಕಾಲಿಗೆ ಬೀಳ್ತೀನಿ. ಪಾರ್ವತಿಬಾಯಿಗೆ ಏನೇನರೆ ಅಂದು ಬರದೇನಿ. ಈಗ ಟ್ರಸ್ಟಿನವರು ಚಾಳಿಗೆ ಬಂದು ಎಲ್ಲಾ ವಿಚಾರಣಿ ಮಾಡತಾರಂತ. ಆಕಿ ಮಗಾ ದತ್ತಾ ಅಲ್ಲೇ ಇರ್ತಾನ. ಸತ್ತಾಕಿನ್ನ ನಾ ಹಿಂಗ ಅಂದಿದ್ದೆ ಅಂತ ಅವಗ ಗೊತ್ತಾಗೂದು ಬ್ಯಾಡ.”

ಕಾಗದ ಹರಿಯಿರಿ ಎಂದು ಬರೆದವಳೇ ಬೇಡುತ್ತಿದ್ದಳು. ಸಾಹೇಬರು ಮುಚ್ಚಿಡಿ ಎಂದಿದ್ದರು. ಕನ್ನಡ ಬಲ್ಲವಳು ನಾನೊಬ್ಬಳೇ. ಹರಿದು ಬುಟ್ಟಿಗೆ ಹಾಕಿದ್ದರೆ ಅವಳ ನಾಚಿಕೆ, ನನ್ನ ತಪ್ಪು ಎರಡೂ ಒಟ್ಟಿಗೆ ಹೋಗುತ್ತಿದ್ದವು. ಅವಳು ಕೈಮುಗಿದು ನನ್ನ ಉಪಕಾರದ ಋಣವನ್ನೂ ಹೊತ್ತುಕೊಂಡು ಹೋಗುತ್ತಿದ್ದಳು. ಖಾನೆ ತೆರೆದೆ, ಕಾಗದ ಕೈಗೆ ತೆಗೆದುಕೊಂಡೆ. ಹರಿಯಲು ಮನಸ್ಸು ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಆದರೆ ಅವಳು ತನ್ನನ್ನೇ ಪಾಪಿ ಅಂದುಕೊಂಡು ನಿಂತಿದ್ದಳು. ಅದನ್ನು ನೋಡಲಾಗಲಿಲ್ಲ. ಎರಡನೇ ಪುಟ ತೆಗೆದು ಬಾಗಿಲಿನ ಸಾಲುಗಳನ್ನು ಅವಳಿಗೇ ಓದಿ ಹೇಳಿದೆ. ಇಂಜಿನಿಯರರು ಹೇಳಿದ್ದನ್ನೂ ಹೇಳಿದೆ. “ನೀ ಬರದಿದ್ದಿ ಗಂಗವ್ವ. ನಾ ಅದನ್ನ ಬಿಟ್ಟೆ. ಮ್ಯಾಲೆ ತುರ್ತಿಲ್ಲ ಅಂತನೂ ಬರದೆ” ಅಂದೆ.

ಕೂಡಂಗಿಲ್ಲ ಅಂದಿದ್ದವಳು ಆಮೇಲೆ ಕುರ್ಚಿಯಲ್ಲಿ ಕುಳಿತಳು.

“ನಾ ಬಾಗಲದ ಸಲುವಾಗಿ ಬರದಿದ್ದಲ್ರಿ ಅದು. ನನ್ನ ಮಕ್ಕಳದು ತಪ್ಪಿಲ್ಲ ಅಂತ ತೋರಸಾಕ ಬರದಿದ್ದೆ.”

“ಗೊತ್ತದವಾ. ಅದನ್ನ ನೋಡೂ ಕೆಲಸಾ ನಂದಿತ್ತು.”

“ನಾನೂ ನೋಡಲಿಲ್ಲ, ನೀವೂ ನೋಡಲಿಲ್ಲ. ಆಕಿನೂ ನನ್ನ ಮಕ್ಕಳನ್ನ ಬೈಕೋತ ಹ್ವಾದ್ಲು.” ಕಣ್ಣು ಒರೆಸಿಕೊಂಡು ಕೇಳಿದಳು, “ಇದನ್ನ ಅಲ್ಲೆ ಓದತೀರೇನ್ರಿ?”

“ಓದಬೇಕು. ಹಂಗಽ ಆದ ಚಾಳು ಇನ್ನೂ ಅದಾವ. ಬಾಗಲದ ಮಾತಷ್ಟಽ ಓದಂದ್ರ ಅಷ್ಟಽ ಓದತೀನಿ. ಪಾರ್ವತಿಬಾಯಿದು ಬಿಡತೀನಿ.”

ಅವಳು ಅಂದು ಹೇಳಿದ ಮಾತು ನನಗೆ ಇಡೀ ಕೆಲಸವನ್ನು ಮತ್ತೆ ಕಲಿಸಿತು.

“ಬ್ಯಾಡ್ರಿ. ಓದಿದ್ರ ಎಲ್ಲಾ ಓದ್ರಿ. ಅರ್ಧಾ ಓದಿ ನನ್ನ ಛಲೋದಾಕಿ ಮಾಡಬ್ಯಾಡ್ರಿ.”

ವಿಚಾರಣೆ ಭಾಂಡುಪಿನಲ್ಲೇ ಆಯಿತು, ಚಾಳಿನ ಪಕ್ಕದ ಬಾಲವಾಡಿಯ ಕೋಣೆಯಲ್ಲಿ. ಮಕ್ಕಳ ಸಣ್ಣ ಬೆಂಚುಗಳ ಮೇಲೆ ಇಬ್ಬರು ಟ್ರಸ್ಟಿಗಳು, ಸಬ್ನೀಸ್ ಸಾಹೇಬರು, ಇಂಜಿನಿಯರರು. ಗೋಡೆಗೆ ಒರಗಿ ಬಾಡಿಗೆದಾರರು. ತಲೆ ಬೋಳಿಸಿಕೊಂಡ ಒಬ್ಬ ಯುವಕ ಬಾಗಿಲಿನ ಹತ್ತಿರ ನಿಂತಿದ್ದ. ದತ್ತಾ ಅವನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಮುನ್ಸೂಚನೆಯ ಕಾಗದ ಬಂದಿತ್ತೇ ಎಂದು ಟ್ರಸ್ಟಿಗಳು ಕೇಳಿದಾಗ ಸಬ್ನೀಸ್ ಸಾಹೇಬರು ನನ್ನ ಮುಖ ನೋಡಿದರು. ನಾನು ಎದ್ದು ನಿಂತೆ. “ಬಂದಿತ್ತು. ಚೀಟಿ ನನ್ನದು. ತುರ್ತಿಲ್ಲ ಎಂಬ ಮಾತೂ ನನ್ನದು” ಎಂದು ಹೇಳಿ, ಮೂರು ಪುಟವನ್ನೂ ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿಯಾಗಿ ಓದಿದೆ. ಇನ್ನು ಯಾವುದು ಬೇಕು ಯಾವುದು ಬೇಡ ಎಂದು ಆರಿಸುವ ಧೈರ್ಯ ನನಗೆ ಉಳಿದಿರಲಿಲ್ಲ. ಕ್ಷೇಮ ಸಮಾಚಾರದಿಂದ ಹಿಡಿದು ಎಲ್ಲವನ್ನೂ ಓದಿದೆ. ಅದರಲ್ಲಿ ಹೀಗೂ ಇತ್ತು:

“ಆಕಿದು ಮೂರು ಕೊಡಾ, ಎರಡು ಬಕೀಟು, ಒಂದು ಹಂಡೆ. ಎಲ್ಲಾ ತುಂಬೂತನಕಾ ಟೊಂಕದ ಮ್ಯಾಲೆ ಕೈ ಇಟಗೊಂಡು ಹಾಡಕೋತ ನಿಂದರತಾಳ. ಅದೂ ಒಂದಽ ಸಾಲು, ಮುಂದಿಂದು ಆಕಿಗೆ ಬರೂದಿಲ್ಲ. ಹೋಳಿಗಿ ಕೊಟ್ರ ನಕ್ಕೋತ ತೊಗೋತಾಳ, ನೀರಿನ ಮುಂದ ಮಾತ್ರ ನನ್ನ ಗುರ್ತಽ ಹಿಡಿಯೂದಿಲ್ಲ.”

ಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ದತ್ತಾ ತಲೆ ತಗ್ಗಿಸಿದ. ಸಿಟ್ಟು ಬಂದಿರಬೇಕು ಅಂದುಕೊಂಡು ನಾನು ಅವನ ಕಡೆ ಮತ್ತೆ ನೋಡದೆ ಓದಿ ಮುಗಿಸಿದೆ.

ಬಾಗಿಲಿನ ಸಾಲು ಕೇಳಿದ ಕೂಡಲೇ ಇಂಜಿನಿಯರರು ಎದ್ದಿದ್ದರು. ಏಳು ಮತ್ತು ಎಂಟನೇ ಚಾಳು ಒಟ್ಟಿಗೆ ಕಟ್ಟಿದವು. ವಿಚಾರಣೆ ಅಲ್ಲಿಗೇ ನಿಲ್ಲಿಸಿ ಎಲ್ಲರೂ ಎಂಟಕ್ಕೆ ಹೋದೆವು. ಎರಡನೇ ಮಾಳಿಗೆಯಲ್ಲಿ ಒಂದರ ಪಕ್ಕ ಒಂದು ನಾಲ್ಕು ಬಾಗಿಲು ಮೇಲಿನ ಮೂಲೆಗೆ ಹಿಡಿಯುತ್ತಿದ್ದವು. “ಮಳಿಗಾಲದಾಗ ಹಂಗಽರಿ” ಎಂದು ಮನೆಯವರು ನಕ್ಕರು. ಸಂಜೆಯೊಳಗೆ ಆ ಸಾಲಿನವರನ್ನು ಬೇರೆ ಚಾಳಿನ ಖಾಲಿ ಖೋಲಿಗಳಿಗೆ ಕಳಿಸಿ, ಕೆಳಗಿನಿಂದ ಮರದ ಬಲ್ಲಿಗಳ ಆಸರೆ ಕೊಟ್ಟು ನಿಲ್ಲಿಸಿದರು. ಮುಂದೆ ಗೋಡೆ ಬಿಚ್ಚಿದಾಗ ಅಲ್ಲಿಯ ತೊಲೆಯ ತುದಿಗಳೂ ಬೆರಳಲ್ಲಿ ಪುಡಿಯಾದವು. ಅದು ಬೀಳುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇಷ್ಟು ಮಾಡಿದ್ದರಿಂದ ಪಾರ್ವತಿಬಾಯಿಯ ಲೆಕ್ಕ ಚುಕ್ತಾ ಆಯಿತೆಂದು ನಾನು ಯಾವತ್ತೂ ಅಂದುಕೊಂಡಿಲ್ಲ.

ನನಗೆ ಮೆಮೊ ಕೊಟ್ಟರು. ಸಹಿ ಮಾಡಿ ತೆಗೆದುಕೊಂಡೆ. ಸಬ್ನೀಸ್ ಸಾಹೇಬರು ಕೆಲವು ದಿನ ಮಾತು ಬಿಟ್ಟಿದ್ದರು. ಆಮೇಲೊಂದು ದಿನ ಭಾಂಡುಪಿನ ಹೊಸ ಕಾಗದ ನನ್ನ ಮೇಜಿನ ಮೇಲಿಟ್ಟು, “ಬಾಯಿ, ಇದನ್ನು ಪೂರ್ತಿ ಓದಿ ಹೇಳಿ. ನಾನು ಕೂತಿರುತ್ತೇನೆ” ಅಂದು ಕುರ್ಚಿ ಎಳೆದುಕೊಂಡರು. ಅಂದಿನಿಂದ ತಿಂಗಳಿಗೆ ಒಂದು ಶನಿವಾರ ನಾನು ಭಾಂಡುಪಿಗೆ ಹೋಗಿ ಮನೆ ಮನೆ ತಿರುಗಿ ಬರುವುದೆಂದು ಆಯಿತು. ಜನ ನನಗೆ ಬಾಗಲದ ಬಾಯಿ ಎಂದು ಹೆಸರಿಟ್ಟರು. ಬಾಗಿಲು ಕೂಡುತ್ತದೆಯೇ ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದೆ.

ಈಗ ನಿಕಿತಾಳ ಪ್ರಶ್ನೆಗೆ ಬರುತ್ತೇನೆ.

ವಿಚಾರಣೆಯಾಗಿ ಒಂದೂವರೆ ತಿಂಗಳಾಗಿತ್ತು. ಒಂದು ಮಧ್ಯಾಹ್ನ ದತ್ತಾ ದಾದರಿನ ಕಚೇರಿಗೆ ಬಂದ. ತಲೆಯ ಮೇಲೆ ಕೂದಲು ಆಗಷ್ಟೇ ಚಿಗುರುತ್ತಿತ್ತು. ಮುಲುಂಡಿನ ಕಡೆ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ರಜೆ ಹಾಕಿ ಬಂದಿದ್ದ. ಅವನನ್ನು ಕಂಡ ಕೂಡಲೇ ನಾನು ಎದ್ದು ನಿಂತೆ. ಬೈಯಲು ಬಂದಿದ್ದಾನೆ, ಬೈಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. “ತಪ್ಪು ನಂದು ದತ್ತಾ” ಎಂದು ಮರಾಠಿಯಲ್ಲಿ ಅಂದೆ.

ಅವನು ಕನ್ನಡದಲ್ಲಿ ಉತ್ತರ ಕೊಟ್ಟ. ಹುಟ್ಟಿದಾಗಿನಿಂದ ನಮ್ಮವರ ನಡುವೆ ಬೆಳೆದವನು, ಗಂಗವ್ವನ ಹಾಗೆಯೇ ಮಾತಾಡುತ್ತಿದ್ದ.

“ಅದನ್ನ ನೀವು ಅವತ್ತಽ ಎಲ್ಲಾರ ಮುಂದ ಹೇಳೀರಿ. ಅದಕ್ಕ ಬಂದಿಲ್ಲ ನಾ. ಆ ಕಾಗದಾ ನನಗ ಬೇಕಿತ್ತು.”

ಅಸಲು ಕಾಗದ ಫೈಲಿನಿಂದ ಕೊಡಲು ಬರುವುದಿಲ್ಲ ಎಂದೆ. ಪರಿಹಾರಕ್ಕೋ ಕೋರ್ಟಿಗೋ ಬೇಕಾಗಿರಬೇಕು ಅನ್ನಿಸಿ, “ಬಾಗಲದ್ದು ನಕಲು ಮಾಡಿ ಸಹಿ ಹಾಕಿ ಕೊಡತೀನಿ” ಅಂದೆ.

ಅವನು ತಲೆ ಅಲ್ಲಾಡಿಸಿದ.

“ಬಾಗಲದ್ದು ಬ್ಯಾಡ್ರಿ. ಆಯಿ ನಳದ ಮುಂದ ನಿಂತು ಹಾಡತಿದ್ಲು ಅಂತ ಇತ್ತಲ್ಲ, ಟೊಂಕದ ಮ್ಯಾಲೆ ಕೈ ಇಟಗೊಂಡು, ಅದನ್ನ ಬರದು ಕೊಡ್ರಿ. ಮನ್ಯಾಗ ಆಕಿದೊಂದು ಫೋಟೋ ಐತಿ, ರೇಶನ್ ಕಾರ್ಡಿನ ಸಲುವಾಗಿ ತಗಸಿದ್ದು. ಅದು ಆಕಿ ಹಂಗ ಕಾಣೂದಿಲ್ಲ. ಗಂಗೂ ಮಾವಶಿ ಬರದಾಳಲ್ಲ, ಅದಽ ನಮ್ಮ ಆಯಿ.”

ಎರಡು ಪುಟದ ಜಗಳ ಎಂದು ನಾನು ಕಣ್ಣಾಡಿಸಿ ದಾಟಿದ್ದ ಜಾಗ ಅದು. ಬಾಗಿಲಿನ ಸಾಲನ್ನು ಬಿಟ್ಟದ್ದು ಒಂದೇ ನನ್ನ ತಪ್ಪೆಂದು ನಂಬಿಕೊಂಡಿದ್ದೆ. ದತ್ತಾನ ಮುಂದೆ ನನಗೆ ಅಳು ಬಂತು, ತಡೆಯಲಿಲ್ಲ.

ಕೈಗೆ ಸಿಕ್ಕಿದ್ದು ಗುಲಾಬಿ ಚೀಟಿಯ ಕಟ್ಟು. ಒಂದು ತೆಗೆದುಕೊಂಡು, ಗಂಗವ್ವನ ಕಾಗದ ಪಕ್ಕದಲ್ಲಿಟ್ಟು, ಅವಳ ಮಾತನ್ನು ಅವಳು ಬರೆದ ಹಾಗೆಯೇ ಬರೆಯತೊಡಗಿದೆ. ಮೂರು ಕೊಡ, ಎರಡು ಬಕೀಟು, ಒಂದು ಹಂಡೆ ಬರೆಯುವಷ್ಟರಲ್ಲಿ ಮೂರು ಗೆರೆ ತುಂಬಿದವು. ಹಾಡು ಇನ್ನೂ ಬಂದಿರಲಿಲ್ಲ. ಮೊದಲ ಸಲ ಚೀಟಿ ಮಗುಚಿ ಹಿಂಬದಿಗೆ ಬರೆದೆ.